ಸಾವು ತಾನಾಗೇ ಇಳಿಯಲಿಲ್ಲ

"ದೇಶ ಮೊದಲು ಮುಂದುವರಿಯಲಿ. ದುಡ್ಡು ಬಂದ ಮೇಲೆ ರಸ್ತೆ ಅಪಘಾತ ತಾನಾಗೇ ಕಡಿಮೆಯಾಗುತ್ತೆ." ಚೆನ್ನಾಗಿ ಓದಿಕೊಂಡವರ ಬಾಯಲ್ಲೂ ಈ ಮಾತು ಕೇಳಿದ್ದೇನೆ.

ಮೇಲ್ನೋಟಕ್ಕೆ ನಿಜ ಅನಿಸುತ್ತದೆ. ಕೈಯಲ್ಲಿ ನಾಲ್ಕು ಕಾಸು ಆಡತೊಡಗಿದ ದೇಶಕ್ಕೆ ಮೊದಲು ಬರುವುದು ವಾಹನ. ಆಮೇಲೆ ಅಗಲವಾದ ರಸ್ತೆ, ಅದರ ಜೊತೆಗೇ ವೇಗ. ಫುಟ್‌ಪಾತ್, ಆಂಬುಲೆನ್ಸ್ ಎಲ್ಲ ಕೊನೆಗೆ. ಹಾಗಾಗಿ ಸಾವಿನ ಲೆಕ್ಕ ಮೊದಲು ಏರಿ, ಎಷ್ಟೋ ವರ್ಷದ ಮೇಲೆ ಇಳಿಯುತ್ತದೆ. ನನ್ನ ತಕರಾರು ಇರುವುದು ಆ 'ತಾನಾಗೇ' ಅನ್ನೋ ಪದದ ಮೇಲೆ.

ಜಪಾನ್ ನೋಡಿ. 1970ರಲ್ಲಿ ಅಲ್ಲಿ ರಸ್ತೆಯಲ್ಲಿ ಸತ್ತವರು 16,765 ಜನ. ಅದನ್ನು 'ಸಂಚಾರ ಯುದ್ಧ' ಅಂತಲೇ ಕರೆಯುತ್ತಿದ್ದರು. ಅದೇ ವರ್ಷ ಸಂಚಾರ ಸುರಕ್ಷತೆಗೆಂದೇ ಒಂದು ಕಾನೂನು ಬಂತು, ಮರುವರ್ಷದಿಂದ ಐದೈದು ವರ್ಷದ ಯೋಜನೆ ಶುರುವಾಯಿತು. ಫುಟ್‌ಪಾತ್, ಸಿಗ್ನಲ್, ತಡೆಬೇಲಿಗೆ ದುಡ್ಡು ಸುರಿದರು. ಹತ್ತು ವರ್ಷದೊಳಗೆ ಸಾವು ಹೆಚ್ಚುಕಡಿಮೆ ಅರ್ಧವಾಯಿತು. ಆಮೇಲಿನ ಕತೆಯನ್ನು ಯಾರೂ ಹೇಳುವುದಿಲ್ಲ. 1980ರ ದಶಕದಲ್ಲಿ ಜಪಾನ್ ಇನ್ನೂ ಶ್ರೀಮಂತವಾಯಿತು, ಸಾವು ಮತ್ತೆ ಏರಿತು! 1992ರಲ್ಲಿ 11,000 ದಾಟಿತು. ಮತ್ತೆ ಪಟ್ಟು ಹಿಡಿದು ಕೆಲಸ ಮಾಡಿ ಈಗ 3,000ಕ್ಕಿಂತ ಕೆಳಗೆ ತಂದಿದ್ದಾರೆ. ಅಮೆರಿಕಕ್ಕೆ ದುಡ್ಡಿಗೇನು ಕಮ್ಮಿ? 2021ರಲ್ಲಿ ಅಲ್ಲಿ 40,000ಕ್ಕೂ ಜಾಸ್ತಿ ಜನ ರಸ್ತೆಯಲ್ಲೇ ಹೋದರು.

ವಿಯೆಟ್ನಾಂ ಇದಕ್ಕೆ ತದ್ವಿರುದ್ಧ. 2007ರ ಡಿಸೆಂಬರ್‌ನಲ್ಲಿ ಬೈಕ್ ಹತ್ತುವವರಿಗೆಲ್ಲ ಹೆಲ್ಮೆಟ್ ಕಡ್ಡಾಯ ಮಾಡಿದರು, ಬಿಗಿಯಾಗಿ ಜಾರಿಗೂ ತಂದರು. ನೋಡನೋಡುತ್ತಿದ್ದಂತೆ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನರ ತಲೆ ಮೇಲೆ ಹೆಲ್ಮೆಟ್ ಬಂತು. ಆಗ ಅದೇನು ಸಿರಿವಂತ ದೇಶವಾಗಿರಲಿಲ್ಲ.

ತಡವಾಗಿ ಮುಂದುವರಿಯುವ ದೇಶಗಳಿಗೆ ಒಂದು ಲಾಭವೂ ಇದೆ, ಅಲ್ವಾ? ಬೇರೆಯವರು ಕಂಡುಕೊಂಡಿದ್ದು ಸಿದ್ಧವಾಗಿ ಸಿಗುತ್ತದೆ. ಈಗಿನ ಸೀಟ್ ಬೆಲ್ಟ್ ಅನ್ನು ವೋಲ್ವೋ ಕಂಪನಿ 1959ರಲ್ಲೇ ಕಾರಿಗೆ ಹಾಕಿತು, ಪೇಟೆಂಟ್ ಹಿಡಿದಿಟ್ಟುಕೊಳ್ಳದೆ ಬೇರೆ ಕಂಪನಿಗಳಿಗೂ ಬಿಟ್ಟುಕೊಟ್ಟಿತು. ಮನುಷ್ಯ ತಪ್ಪು ಮಾಡೇ ಮಾಡುತ್ತಾನೆ, ಆ ತಪ್ಪಿಗೆ ಜೀವ ಹೋಗದ ಹಾಗೆ ರಸ್ತೆ ಕಟ್ಟಬೇಕು ಅಂತ ಸ್ವೀಡನ್ ಸಂಸತ್ತು 1997ರಲ್ಲೇ ಒಪ್ಪಿಕೊಂಡಿತು. ವೇಗ ಎರಡರಷ್ಟಾದರೆ ಹೊಡೆತದ ಶಕ್ತಿ ನಾಲ್ಕರಷ್ಟಾಗುತ್ತದೆ ಅನ್ನೋದಂತೂ ಶಾಲೆಯ ಪಾಠ. ಸ್ಕೂಲ್ ಮುಂದೆ ಒಂದು ಹಂಪ್ ಹಾಕಲು ಯಾವ ದೇಶವೂ ಶ್ರೀಮಂತವಾಗುವ ತನಕ ಕಾಯಬೇಕಿಲ್ಲ.

ಆದರೂ ಕಾಯುತ್ತಿದ್ದೇವೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2021ರಲ್ಲಿ ಜಗತ್ತಿನಾದ್ಯಂತ ಸುಮಾರು 11.9 ಲಕ್ಷ ಜನ ರಸ್ತೆಯಲ್ಲಿ ಸತ್ತರು. ಹತ್ತರಲ್ಲಿ ಒಂಬತ್ತು ಸಾವು ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ. ಕೇಳಿದರೆ "ಡ್ರೈವರ್ ತಪ್ಪು" ಅಂತ ಬರೆದು ಫೈಲ್ ಮುಚ್ಚುತ್ತಾರೆ. ಆ ತಿರುವು ಹಾಗೆ ಕಟ್ಟಿದ್ದು ಯಾರು, ದಾಟುವ ಜಾಗ ಬಿಡದೆ ನಕ್ಷೆಗೆ ಸಹಿ ಹಾಕಿದ್ದು ಯಾರು ಅನ್ನೋದು ಆ ಫೈಲಿನೊಳಗೆ ಬರುವುದೇ ಇಲ್ಲ. ಅದೇ ನಕ್ಷೆ ಹಿಡಿದು ಮುಂದಿನ ರಸ್ತೆಯ ಟೆಂಡರ್ ಕರೆಯುತ್ತಾರೆ.