ಐ, ಎನ್ ಎಂಬೆರಡು ಅಕ್ಷರಗಳ ಧ್ವಜ

ಕಳೆದ ಆಗಸ್ಟ್ 15ರ ಬೆಳಿಗ್ಗೆ ನಮ್ಮ ಮನೆತನದ ವಾಟ್ಸಾಪ್ ಗ್ರೂಪಿನಲ್ಲಿ ಕಾಕಾ ಅವರು ಶುಭಾಶಯದ ಜೊತೆಗೆ ಏಳು ಧ್ವಜದ ಎಮೋಜಿಗಳನ್ನು ಸಾಲಾಗಿ ಕಳಿಸಿದ್ದರು. ಬಿಳಿ ಪಟ್ಟಿಯ ನಡುವೆ ನೀಲಿ ಚಕ್ರವಿರಬೇಕಾದಲ್ಲಿ ಕಿತ್ತಳೆ ಬಣ್ಣದ ಚುಕ್ಕೆ ಇತ್ತು. ಅದು ಆಫ್ರಿಕಾದ ನೈಜರ್ ದೇಶದ ಧ್ವಜ. ಫೋನ್ ಮಾಡಿ ತಿಳಿಸಿದರೆ, “ಕೇಸರಿ, ಬಿಳಿ, ಹಸರ, ಮೂರೂ ಅದಾವಲ್ಲೋ ತಮ್ಮಾ, ಮತ್ತೇನ ಬೇಕು?” ಎಂದರು. ಅಷ್ಟರಲ್ಲಿ ಮೂವರು ಅದನ್ನೇ ಬೇರೆ ಗ್ರೂಪುಗಳಿಗೆ ಫಾರ್ವರ್ಡ್ ಮಾಡಿಯಾಗಿತ್ತು.

ಕಾಕಾ ಅವರ ಮನೆ ಇರುವುದು ಹುಬ್ಬಳ್ಳಿಯಲ್ಲಿ, ಬೆಂಗೇರಿಗೆ ಹತ್ತಿರದಲ್ಲಿ. 1957ರಲ್ಲಿ ಆರಂಭವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಮಾನ್ಯತೆಯೊಂದಿಗೆ ರಾಷ್ಟ್ರಧ್ವಜ ತಯಾರಿಸುವುದು ಅಲ್ಲಿಯೇ. ಅಗಲಕ್ಕೂ ಎತ್ತರಕ್ಕೂ 3:2ರ ಅನುಪಾತ ತಪ್ಪುವಂತಿಲ್ಲ. ಬಟ್ಟೆಯ ಎರಡೂ ಬದಿ ಮುದ್ರಿಸುವ ಚಕ್ರದ 24 ಅರಗಳು ಒಂದರ ಮೇಲೊಂದು ಸರಿಯಾಗಿ ಕೂರಬೇಕು. ಬಣ್ಣ ಒಂದಿಷ್ಟು ಪೇಲವವಾದರೂ ಆ ಧ್ವಜ ಹೊರಗೆ ಹೋಗುವುದಿಲ್ಲ. ಇಂಥ ಊರಿನಲ್ಲಿದ್ದುಕೊಂಡು ನಾವು ನೈಜರಿಗೆ ಸ್ವಾತಂತ್ರ್ಯೋತ್ಸವ ಆಚರಿಸುವುದೆಂದರೆ ನಗು ಬರದೆ ಇರುತ್ತದೆಯೇ?

ಆದರೂ ಬೆಂಗೇರಿಯ ಅಳತೆಗೋಲನ್ನು ಮೊಬೈಲಿಗೆ ಹಿಡಿಯುವುದು ನ್ಯಾಯವಲ್ಲ ಎಂದು ನನಗನ್ನಿಸುತ್ತದೆ, ಏಕೆಂದರೆ ಧ್ವಜದ ಎಮೋಜಿ ಮೂಲತಃ ಚಿತ್ರವೇ ಅಲ್ಲ. ಅಕ್ಷರಗಳಿಗೂ ಎಮೋಜಿಗಳಿಗೂ ಕಂಪ್ಯೂಟರ್ ಸಂಕೇತ ಗೊತ್ತುಮಾಡುವ ಯೂನಿಕೋಡ್ ಸಂಸ್ಥೆ 2010ರಲ್ಲಿ ಅದಕ್ಕೆಂದೇ 26 ವಿಶೇಷ ಅಕ್ಷರಗಳನ್ನು ಸೇರಿಸಿತು. ಅವುಗಳಲ್ಲಿ ಐ ಮತ್ತು ಎನ್ ಪಕ್ಕಪಕ್ಕ ಬಂದರೆ ಫೋನು ಅದನ್ನು ಭಾರತವೆಂದು ಓದಿಕೊಂಡು, ಆಯಾ ಕಂಪನಿಯವರು ಬರೆಸಿಟ್ಟ ತ್ರಿವರ್ಣವನ್ನು ತೋರಿಸುತ್ತದೆ. ವಿಂಡೋಸ್ ಕಂಪ್ಯೂಟರುಗಳಲ್ಲಿ ಹಲವು ಕಡೆ ಅದು ಬರೀ ಎರಡು ರೋಮನ್ ಅಕ್ಷರಗಳಾಗಿಯೇ ಉಳಿಯುತ್ತದೆ. ಆದ್ದರಿಂದ ಕಾಕಾ ಮಾಡಿದ್ದು ಧ್ವಜಕ್ಕೆ ಅಪಚಾರವಲ್ಲ, ಕಾಗುಣಿತದ ತಪ್ಪು: ಐ, ಎನ್ ಎಂದು ಬರೆಯುವಲ್ಲಿ ಎನ್, ಇ ಎಂದು ಬರೆದರು. ಉಗುರಿಗಿಂತ ಚಿಕ್ಕದಾದ ಪಟ್ಟಿಯ ಮೇಲಿನ ಚುಕ್ಕೆ ನೀಲಿಯೋ ಕಿತ್ತಳೆಯೋ ಎಂಬುದು ಎಪ್ಪತ್ತು ದಾಟಿದ ಕಣ್ಣಿಗೆ ಹೇಗೆ ಗೊತ್ತಾಗಬೇಕು? ಆದರೆ ಹೆಸರಿನ ಪಕ್ಕ ಇದೇ ನೈಜರ್ ಧ್ವಜವನ್ನು ಇಟ್ಟುಕೊಂಡು ಕಂಡಕಂಡವರ ದೇಶಭಕ್ತಿಯನ್ನು ಪರೀಕ್ಷಿಸುವವರನ್ನು ಕಂಡಾಗ ನನ್ನ ಸಹನೆ ಕೆಡುತ್ತದೆ. ಅವರು ಮೊದಲು ತಮ್ಮ ದೇಶದ ಹೆಸರನ್ನು ಸರಿಯಾಗಿ ಬರೆಯಲಿ.

ನಮ್ಮ ಕನ್ನಡ ಬಾವುಟಕ್ಕಂತೂ ಎಮೋಜಿಯೇ ಇಲ್ಲ, ಹೀಗೆ ತಪ್ಪು ಬರೆಯುವ ಅವಕಾಶವೂ ಇಲ್ಲ. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್ ಧ್ವಜಗಳು 2017ರಲ್ಲಿ ಎಮೋಜಿಗಳಾದವು. ಹೊಸ ಧ್ವಜಗಳ ಪ್ರಸ್ತಾವಗಳನ್ನು ಇನ್ನು ಸ್ವೀಕರಿಸುವುದಿಲ್ಲವೆಂದು ಯೂನಿಕೋಡ್ 2022ರಲ್ಲಿ ಪ್ರಕಟಿಸಿತು. ಹಾಗಾಗಿ ರಾಜ್ಯೋತ್ಸವದಂದು ನಾವೆಲ್ಲ ಹಳದಿ ಮತ್ತು ಕೆಂಪು ಹೃದಯಗಳನ್ನು ಜೋಡಿಸುತ್ತೇವೆ. ಕೆಲವರು ಅವಸರದಲ್ಲಿ ಕೆಂಪನ್ನು ಮೊದಲಿಟ್ಟು ಬಾವುಟವನ್ನು ತಲೆಕೆಳಗು ಮಾಡುವುದೂ ಉಂಟು.

ನವೆಂಬರ್ 1ರಂದು ಕಾಕಾ ಅವರಿಂದಲೂ ಎರಡು ಹೃದಯಗಳು ಬಂದವು. ಹಳದಿಯೇ ಮೊದಲಿತ್ತು. ಕೆಳಗೆ, “ಈಗರ ಬರೋಬ್ಬರಿ ಐತೇನೋ?” ಎಂದು ಬರೆದಿದ್ದರು.