ಇನ್ನೂರು ವರ್ಷ ತಡವಾಗಿ ರಾಜಧಾನಿಗೆ

ಹೋದ ಬೇಸಿಗೆ ರಜೆಯಲ್ಲಿ ನಮ್ಮ ತರಗತಿಯ ಅರ್ಧಕ್ಕರ್ಧ ಮಂದಿ ಇಂಟರ್ನ್‌ಶಿಪ್ ಎಂದು ಬೆಂಗಳೂರಿಗೆ ಹೊರಟರು. ನನಗೆ ಸಿಕ್ಕಿದ್ದು ಮೈಸೂರಿನ ಒಂದು ಟ್ರಾವೆಲ್ಸ್ ಕಚೇರಿ. ಸಂಬಳವಿಲ್ಲ, ಮಧ್ಯಾಹ್ನದ ಊಟವುಂಟು, ಕೊನೆಯಲ್ಲೊಂದು ಸರ್ಟಿಫಿಕೇಟ್. ಮಂಡ್ಯದ ಕಡೆಯವರಿಗೆ ಮೈಸೂರು ಪರವೂರೇ ಅಲ್ಲ. ಹಲ್ಲುನೋವಿಗೆ, ಮದುವೆ ಸೀರೆಗೆ, ದಸರೆಗೆ ಹೋಗಿ ರಾತ್ರಿ ಊಟಕ್ಕೆ ಮನೆ ಸೇರುವ ಜಾಗ. ಸುಮಾರು 45 ಕಿಲೋಮೀಟರ್ ದೂರ. ಅಲ್ಲಿಗೆ ಹೋಗುವುದನ್ನು ಯಾರೂ ಊರಿಗೆ ಹೇಳಿಕೊಳ್ಳುವುದಿಲ್ಲ. ಹಾಗಾಗಿ ಅರಳಿಕಟ್ಟೆಯಲ್ಲಿ ಹಿರಿಯರೊಬ್ಬರು "ರಜಕ್ಕೆ ಎಲ್ಲಿಗಪ್ಪಾ ಪಯಣ?" ಎಂದು ಕೇಳಿದಾಗ ನನ್ನ ಬಾಯಿಂದ "ರಾಜಧಾನಿಗೆ" ಎಂಬ ಮಾತು ಬಂದುಬಿಟ್ಟಿತು.

ಸುಳ್ಳಲ್ಲ. ನಾನು ಇತಿಹಾಸದ ವಿದ್ಯಾರ್ಥಿ. ಸುಳ್ಳು ಹೇಳುವಾಗಲೂ ಆಧಾರವಿಟ್ಟುಕೊಂಡು ಹೇಳುತ್ತೇನೆ. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ರಾಜಧಾನಿ ಶ್ರೀರಂಗಪಟ್ಟಣದಿಂದ ಮೈಸೂರಿಗೆ ಬಂತು. 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕೈಗೆ ತೆಗೆದುಕೊಂಡು ಕಚೇರಿಗಳನ್ನು ಬೆಂಗಳೂರಿಗೆ ಸಾಗಿಸಿದರು. ನಡುವಿನ 32 ವರ್ಷ ಮೈಸೂರು ಯಾರೂ ಬೆರಳು ತೋರಿಸಲಾಗದ ರಾಜಧಾನಿ. ನಾನು ಒಂಚೂರು ತಡವಾಗಿ ಹೋದೆ, ಅಷ್ಟೆ. ಆದರೆ ಅರಳಿಕಟ್ಟೆಯಲ್ಲಿ ಇಸವಿ ಕೇಳುವವರು ಯಾರಿದ್ದಾರೆ?

ಅಗ್ರಹಾರದ ಬಳಿ ಒಂದು ಮನೆಯ ತಾರಸಿಯ ಮೇಲೆ ಶೀಟು ಹೊದಿಸಿದ ಕೋಣೆ ಬಾಡಿಗೆಗೆ ಸಿಕ್ಕಿತು. ಮೈಸೂರಿನ ಹವೆ ಬಲು ಹಿತ ಎಂದು ಹೊಗಳುವವರು ಏಪ್ರಿಲ್‌ನಲ್ಲಿ ಶೀಟಿನ ಕೆಳಗೆ ಮಲಗಿದವರಲ್ಲ. ಮನೆಯ ಅಜ್ಜಿ ಒಂಬತ್ತಕ್ಕೆ ಗೇಟಿಗೆ ಬೀಗ ಹಾಕಿದರೆ ಮುಗಿಯಿತು, ಮಹಾರಾಜರೇ ಬಂದರೂ ಹೊರಗೇ.

ಕಚೇರಿಯಲ್ಲಿ ನನಗೆ ಕೊಟ್ಟ ಮೊದಲ ಕೆಲಸ ಪ್ರವಾಸಿಗರಿಗೆ ಹಂಚುವ ಕರಪತ್ರದ ಕಾಗುಣಿತ ತಿದ್ದುವುದು. ತಲೆಬರಹ: ಮೈಸೂರಿನ ಪ್ರೇಕ್ಷಣೀಯ ಸ್ಥಳಗಳು. ಓದುತ್ತಾ ಹೋದಂತೆ ನನ್ನ ರಕ್ತ ಕುದಿಯಿತು. ಕನ್ನಂಬಾಡಿ ಕಟ್ಟೆ, ಅದರ ಕೆಳಗಿನ ಬೃಂದಾವನ, ರಂಗನತಿಟ್ಟು, ದರಿಯಾ ದೌಲತ್. ನಾಲ್ಕೂ ಮಂಡ್ಯ ಜಿಲ್ಲೆಯವು! ಕಟ್ಟೆ ನಮ್ಮದು, ಹಕ್ಕಿ ನಮ್ಮವು, ಕಾರಂಜಿ ನಮ್ಮದು. ಹೆಸರು ಮಾತ್ರ ಮೈಸೂರಿಗೆ. ಕಾಗುಣಿತದ ಜೊತೆಗೆ ಭೂಗೋಳವನ್ನೂ ತಿದ್ದಿ, ನಾಲ್ಕರ ಮುಂದೆಯೂ ದಪ್ಪಕ್ಷರದಲ್ಲಿ 'ಮಂಡ್ಯ' ಎಂದು ಸೇರಿಸಿದೆ. ಯಜಮಾನರು ನೋಡದೆಯೇ ಅಚ್ಚಿಗೆ ಕಳುಹಿಸಿದರು. 500 ಪ್ರತಿ.

ಮೂರನೆಯ ದಿನ ಒಂದು ಕುಟುಂಬ ಟ್ಯಾಕ್ಸಿ ಬೇಡವೆಂದು ಕರಪತ್ರ ಹಿಡಿದು ತಾನೇ ಬಸ್ಸು ಹತ್ತಿತು. ಮಂಡ್ಯದ ಬಸ್ ನಿಲ್ದಾಣದಲ್ಲಿ ಇಳಿದು, ಕಬ್ಬಿನ ಹಾಲು ಕುಡಿಯುತ್ತಾ, ಬೃಂದಾವನ ಯಾವ ಕಡೆ ಎಂದು ವಿಚಾರಿಸಿತಂತೆ. ಅವರಿಗೆ ಅಲ್ಲಿ ಸಿಕ್ಕ ಉತ್ತರ: "ಅದು ಮೈಸೂರಲ್ಲವೇ? ವಾಪಸ್ ಹೋಗಿ." ನಮ್ಮವರೇ ಹೀಗೆ ಹೇಳಿದರೆ ನಾನೊಬ್ಬ ಎಷ್ಟೆಂದು ಹೋರಾಡಲಿ? ಉಳಿದ ಪ್ರತಿಗಳ ಮೇಲೆ ಪೆನ್ನಿನಿಂದ 'ಮಂಡ್ಯ' ಎಂಬುದನ್ನು ಹೊಡೆದು ಹಾಕುವ ಶಿಕ್ಷೆ ನನಗೇ ಆಯಿತು. ಒಂದು ಪ್ರತಿಗೆ ನಾಲ್ಕು ಸಲ. ಲೆಕ್ಕ ನೀವೇ ಹಾಕಿಕೊಳ್ಳಿ.

ಆಮೇಲೆ ನನ್ನನ್ನು ಪೆನ್ನಿನಿಂದ ದೂರವಿಟ್ಟು ಪ್ರವಾಸಿಗರ ಜೊತೆ ಅರಮನೆಗೆ ಕಳುಹಿಸತೊಡಗಿದರು. ಅರಮನೆಯೊಳಗೆ ಪಾದರಕ್ಷೆ ಬಿಟ್ಟು ಹೋಗಬೇಕು. ಹದಿನಾಲ್ಕು ಜನರ ಚಪ್ಪಲಿಗಳ ಟೋಕನ್‌ಗಳೆಲ್ಲ ನನ್ನ ಜೇಬಿನಲ್ಲಿ. ಹಳೆಯ ಮರದ ಅರಮನೆ 1897ರಲ್ಲಿ ಮದುವೆಯ ಸಂದರ್ಭದಲ್ಲಿ ಬೆಂಕಿಗೆ ಆಹುತಿಯಾದದ್ದನ್ನೂ, ಈಗಿನದು 1912ಕ್ಕೆ ಮುಗಿದದ್ದನ್ನೂ ಕೈಯಾಡಿಸಿ ವರ್ಣಿಸುವ ಭರದಲ್ಲಿ ಕರವಸ್ತ್ರ ತೆಗೆದೆ. ಟೋಕನ್‌ಗಳು ಯಾವಾಗ ಉದುರಿದವೋ ತಿಳಿಯದು. ಹೊರಗೆ ಮೇ ತಿಂಗಳ ಬಿಸಿಲು, ಕಾದ ಕಲ್ಲಿನ ಮೇಲೆ ಹದಿನಾಲ್ಕು ಜನ ಬರಿಗಾಲಲ್ಲಿ ಕುಣಿಯುತ್ತಾ ತಮ್ಮ ತಮ್ಮ ಚಪ್ಪಲಿಯ ಬಣ್ಣ, ಉಂಗುಷ್ಠದ ಆಕಾರ, ಹೊಲಿಗೆಯ ಗುರುತುಗಳನ್ನು ಕಾವಲುಗಾರನಿಗೆ ಸಾಕ್ಷ್ಯದಂತೆ ಹೇಳುತ್ತಿದ್ದರು. ಅರಮನೆಯ ಕಥೆಯನ್ನು ಅವರು ಮರೆತಿರಬಹುದು, ನನ್ನನ್ನು ಮರೆತಿರಲಾರರು.

ಇವೆಲ್ಲ ಸಣ್ಣ ಸಂಗತಿಗಳು. ದೊಡ್ಡದು ದೊಡ್ಡಪ್ಪನವರದು.

ಒಂದು ಭಾನುವಾರ ಮಧ್ಯಾಹ್ನ ಫೋನು. "ಮೆಜೆಸ್ಟಿಕ್‌ನಲ್ಲಿ ಇಳಿದಿದ್ದೇನೆ ಕಣೋ. ನಿನ್ನ ಕೋಣೆ ಯಾವ ಕಡೆ?"

ನಾನು ಶೀಟಿನ ಕೆಳಗೆ ಬನಿಯನ್‌ನಲ್ಲಿ ಕುಳಿತಿದ್ದವನು ಎದ್ದು ನಿಂತೆ. ನಡೆದದ್ದು ಇಷ್ಟು: ದೊಡ್ಡಪ್ಪನವರ ಪಹಣಿಯಲ್ಲಿ ನಾಲ್ಕು ಗುಂಟೆ ಕಡಿಮೆ ನಮೂದಾಗಿದೆ. ಎರಡು ವರ್ಷದಿಂದ ತಾಲ್ಲೂಕು ಕಚೇರಿಗೆ ಅಲೆದಿದ್ದಾರೆ. ನಾನು ರಾಜಧಾನಿಯಲ್ಲಿರುವ ಸುದ್ದಿ ಅರಳಿಕಟ್ಟೆಯಿಂದ ಅವರ ಕಿವಿಗೆ ಬಿದ್ದಿದೆ. ದಾರಿಯಲ್ಲಿ ಬೆಳೆದೂ ಇದೆ. ಅವರಿಗೆ ತಲುಪುವ ಹೊತ್ತಿಗೆ ನಾನು ವಿಧಾನಸೌಧದ ಒಳಗೇ ಕುರ್ಚಿ ಹಾಕಿಕೊಂಡು ಕುಳಿತಿದ್ದೆ. ಭಾನುವಾರ ನನ್ನ ಕೋಣೆಯಲ್ಲಿ ಮಲಗಿ, ಸೋಮವಾರ ಬೆಳಿಗ್ಗೆಯೇ ಫೈಲಿನೊಂದಿಗೆ ಮಂತ್ರಿಗಳ ಮುಂದೆ ನಿಲ್ಲುವುದು ಅವರ ಯೋಜನೆ.

"ದೊಡ್ಡಪ್ಪ, ನಾನು ಮೈಸೂರಿನಲ್ಲಿದ್ದೇನೆ."

"ಮೈಸೂರಿಗೆ ಯಾಕೆ ಹೋದೆ? ಹಲ್ಲುನೋವೇ?"

ನಿಜ ಹೇಳಿದೆ. ಆ ಕಡೆ ಬಹಳ ಹೊತ್ತು ಬಸ್ಸುಗಳ ಹಾರ್ನ್ ಮಾತ್ರ ಕೇಳಿಸಿತು. ಕೊನೆಗೆ, "ಮಂಡ್ಯಕ್ಕೆ ರೈಲು ಹತ್ತುತ್ತೇನೆ. ನಿನ್ನ ಅಪ್ಪನ ಹತ್ತಿರ ಮಾತನಾಡುವುದಿದೆ" ಎಂದು ಫೋನಿಟ್ಟರು.

ಸಂಜೆ ಮತ್ತೆ ಫೋನು. ಈ ಸಲ ಧ್ವನಿ ತಗ್ಗಿತ್ತು. ರೈಲಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕಿ, ಮದ್ದೂರಿನಲ್ಲಿ ವಡೆ ತಿಂದು, ತಂಪು ಗಾಳಿಗೆ ಕಣ್ಣು ಮುಚ್ಚಿದ್ದಾರೆ. ಮಂಡ್ಯ ಹೋಯಿತು, ಪಾಂಡವಪುರ ಹೋಯಿತು, ಶ್ರೀರಂಗಪಟ್ಟಣದಲ್ಲಿ ಕಾವೇರಿಯನ್ನು ಎರಡು ಸಲ ದಾಟಿದರೂ ಎಚ್ಚರವಾಗಿಲ್ಲ. ಎಬ್ಬಿಸಿದ್ದು ಮೈಸೂರಿನಲ್ಲಿ ಬೋಗಿ ಗುಡಿಸಲು ಬಂದವರು.

ನಿಲ್ದಾಣಕ್ಕೆ ಓಡಿದೆ. ಕಂಕುಳಲ್ಲಿ ಫೈಲು ಅವುಚಿಕೊಂಡು ನಿಂತಿದ್ದರು. ಬೈಯಲಿಲ್ಲ, ನಿದ್ದೆ ಮಾಡಿ ಸಿಕ್ಕಿಬಿದ್ದವರಿಗೆ ಬೈಯುವ ಹಕ್ಕು ಅರ್ಧ ಕಡಿಮೆಯಾಗುತ್ತದೆ. ಹೇಗಾದರೂ ಸಮಾಧಾನ ಮಾಡಬೇಕೆಂದು, ಭಾನುವಾರವಾದ್ದರಿಂದ, ಆಟೋದಲ್ಲಿ ಅರಮನೆಯ ದೀಪ ತೋರಿಸಲು ಕರೆದುಕೊಂಡು ಹೋದೆ. ಹಗಲಿನ ಅರಮನೆಯನ್ನು ಅವರು ದಸರೆಯ ನೂಕುನುಗ್ಗಲಿನಲ್ಲಿ ಹತ್ತಾರು ಸಲ ನೋಡಿದ್ದರು. ಲಕ್ಷಕ್ಕೆ ಹತ್ತಿರದ ಬಲ್ಬುಗಳು ಒಟ್ಟಿಗೆ ಉರಿಯುವುದನ್ನು ಇಷ್ಟು ನೆಮ್ಮದಿಯಾಗಿ ನೋಡಿರಲಿಲ್ಲವೇನೋ.

"ನೀನು ಹೇಳಿದ ರಾಜಧಾನಿ ಇದೇ ಏನೋ?"

1799, 1831 ಎಲ್ಲವನ್ನೂ ವಿವರಿಸಿದೆ. ತಲೆದೂಗುತ್ತಾ ಕೇಳಿದರು.

"ಅಂದರೆ ಇಲ್ಲಿ ಈಗ ಅರ್ಜಿ ತೆಗೆದುಕೊಳ್ಳುವವರು ಯಾರೂ ಇಲ್ಲ."

"ಇಲ್ಲ ದೊಡ್ಡಪ್ಪ."

"ಹಾಗಾದರೆ ನಮ್ಮ ತಾಲ್ಲೂಕು ಕಚೇರಿಯೂ ರಾಜಧಾನಿಯೇ ಬಿಡು."

ಆಮೇಲೆ ಬಲ್ಬುಗಳ ಕಡೆ ತಿರುಗಿ ಲೆಕ್ಕ ಶುರುಮಾಡಿದರು. ಈ ಒಂದು ಗೋಡೆಯ ಕರೆಂಟಿಗೆ ಎಷ್ಟು ಪಂಪ್‌ಸೆಟ್ ಓಡಬಹುದು, ಆ ಗೋಪುರದ್ದಕ್ಕೆ ಎಷ್ಟು. ನಮ್ಮ ಊರಿಗೆ ತ್ರೀ ಫೇಸ್ ಬರುವುದು ದೆವ್ವ ತಿರುಗುವ ಹೊತ್ತಿನಲ್ಲಿ. ಟಾರ್ಚ್ ಹಿಡಿದು ಗದ್ದೆಗೆ ಹೋಗಿ ಮೋಟಾರು ಹಾಕುವ ಹೊತ್ತಿಗೆ ಮತ್ತೆ ತೆಗೆದಿರುತ್ತಾರೆ. ಲೆಕ್ಕ ಮುಂದುವರಿದಂತೆ ಅವರ ಮುಖ ಗಂಟಾಗುತ್ತಾ ಬಂತು. ಕರೆತಂದು ತಪ್ಪು ಮಾಡಿದೆನೇ ಎಂದು ನಾನು ಯೋಚಿಸುತ್ತಿರುವಾಗಲೇ ಹೊತ್ತು ಮುಗಿದು, ಕಣ್ಣೆದುರಿನ ಅರಮನೆ ಒಮ್ಮೆಗೇ ಕಪ್ಪಾಯಿತು. ಜನರೆಲ್ಲ "ಓ" ಎಂದರು.

ಕತ್ತಲಲ್ಲಿ ದೊಡ್ಡಪ್ಪನವರ ಧ್ವನಿ ಕೇಳಿಸಿತು. ಅಂದಿನ ಇಡೀ ದಿನದಲ್ಲಿ ಅವರು ಸಂತೋಷದಿಂದ ಆಡಿದ ಮೊದಲ ಮಾತು.

"ಇಲ್ಲೂ ತೆಗೆಯುತ್ತಾರಲ್ಲೋ!"

ರಾತ್ರಿ ಶೀಟಿನ ಕೆಳಗೆ ಗಡದ್ದಾಗಿ ನಿದ್ದೆ ಮಾಡಿದರು. ಬೆಳಿಗ್ಗೆ ರೈಲು ಹತ್ತಿಸಿ, ಮಂಡ್ಯ ಬರುವವರೆಗೆ ಐದು ಸಲ ಫೋನ್ ಮಾಡಿ ಎಚ್ಚರವಾಗಿಟ್ಟೆ. ಕೋಣೆಗೆ ಬಂದು ನೋಡಿದರೆ ದಿಂಬಿನ ಕೆಳಗೆ ಪಹಣಿಯ ಫೈಲು. ಆರನೆಯ ಸಲ ಫೋನ್ ಮಾಡಿದೆ.

"ಇರಲಿ ಬಿಡು," ಎಂದರು ದೊಡ್ಡಪ್ಪ, "ರಾಜಧಾನಿಯಲ್ಲೇ ಇರಲಿ."