ನೋತ್ರ್‌ದಾಮ್ ಇದ್ದಂತೆಯೇ ಮತ್ತೆ ಎದ್ದು ನಿಲ್ಲಬೇಕಿತ್ತೇ?

ಪರ

2019ರ ಏಪ್ರಿಲ್ 15ರ ಸಂಜೆ ಪ್ಯಾರಿಸ್‌ನ ನೋತ್ರ್‌ದಾಮ್ ಕ್ಯಾಥೆಡ್ರಲ್‌ನ ಛಾವಣಿಗೆ ಬೆಂಕಿ ಬಿದ್ದು, 96 ಮೀಟರ್ ಎತ್ತರದ ಶಿಖರ ಜನರ ಕಣ್ಣೆದುರೇ ಮುರಿದುಬಿತ್ತು. ಗಾಜಿನ ಛಾವಣಿ ಹೊದಿಸೋಣ, ಮೇಲೊಂದು ತೋಟ ಬೆಳೆಸೋಣ ಎಂಬ ಸಲಹೆಗಳು ಬೂದಿ ಆರುವ ಮುನ್ನವೇ ಬರತೊಡಗಿದವು; ಫ್ರಾನ್ಸ್ ಸರ್ಕಾರವೂ ಹೊಸ ಶಿಖರಕ್ಕೆ ಅಂತರರಾಷ್ಟ್ರೀಯ ಸ್ಪರ್ಧೆ ಘೋಷಿಸಿತು. 2020ರ ಜುಲೈನಲ್ಲಿ ಇದೆಲ್ಲವನ್ನೂ ಬದಿಗಿರಿಸಿ, ಬೆಂಕಿಗೆ ಮುಂಚಿನ ರೂಪವನ್ನೇ ಮರಳಿ ತರಲು ನಿಶ್ಚಯಿಸಿದ್ದು ಸರಿಯಾದ ತೀರ್ಮಾನ.

ಹಳೆಯ ರೂಪ ಹೇಗಿತ್ತೆಂಬುದಕ್ಕೆ ಊಹೆಯ ಅಗತ್ಯವಿರಲಿಲ್ಲ. ಛಾವಣಿಯ ತೊಲೆಗಳ ಅಳತೆಯನ್ನು 2014ರಲ್ಲಿಯೇ ವಾಸ್ತುಶಿಲ್ಪಿಗಳು ದಾಖಲಿಸಿದ್ದರು. ಸುಮಾರು 2,000 ಓಕ್ ಮರಗಳನ್ನು ಆರಿಸಿ ತಂದು, ಮಧ್ಯಕಾಲೀನ ಭಾಗದ ತೊಲೆಗಳನ್ನು ಬಡಗಿಗಳು ಕೊಡಲಿಯಿಂದಲೇ ಕೆತ್ತಿದರು. ಉಕ್ಕಿನ ಛಾವಣಿ ಹಾಕಿದ್ದರೆ ಕೆಲಸವೇನೋ ಮುಗಿಯುತ್ತಿತ್ತು, ಆದರೆ ಈ ಕಸುಬನ್ನು ಇಷ್ಟು ದೊಡ್ಡ ಪ್ರಮಾಣದಲ್ಲಿ ಮಾಡುವ ಕೈಗಳು ಮುಂದಿನ ತಲೆಮಾರಿಗೆ ಉಳಿಯುತ್ತಿರಲಿಲ್ಲ.

ಕೊಳವೆಗಳಿಗೆ ಗಾಳಿ ಹಾಯಿಸಿ ನುಡಿಸುವ ಚರ್ಚಿನ ವಾದ್ಯವಾದ ಪೈಪ್ ಆರ್ಗನ್‌ನ ಕಥೆಯಂತೂ ಈ ವಾದಕ್ಕೆ ಇನ್ನೂ ಬಲ ಕೊಡುತ್ತದೆ. ಅದು ಸುಡಲಿಲ್ಲ, ಆದರೆ ಅದರ ಸುಮಾರು 8,000 ಕೊಳವೆಗಳ ಮೇಲೆ ಕರಗಿದ ಛಾವಣಿಯ ಸೀಸದ ಧೂಳು ಕೂತಿತ್ತು. 2020ರಲ್ಲಿ ಕೊಳವೆಗಳನ್ನು ಬಿಚ್ಚಿ, ಕಾರ್ಯಾಗಾರಗಳಲ್ಲಿ ಶುಚಿಗೊಳಿಸಿ, ಗಾಳಿಪೆಟ್ಟಿಗೆಗಳ ಚರ್ಮ ಬದಲಿಸಿ, ಮತ್ತೆ ಜೋಡಿಸಿದರು. ಹಗಲಿಡೀ ಕಟ್ಟಡ ಕೆಲಸದ ಸದ್ದು ಇರುತ್ತಿದ್ದುದರಿಂದ ನಾದ ತಿದ್ದುವ ಕೆಲಸ ತಿಂಗಳುಗಟ್ಟಲೆ ರಾತ್ರಿಯ ಹೊತ್ತು ನಡೆಯಿತು: ಒಬ್ಬರು ಕೀಲಿಯೊತ್ತಿ ಸ್ವರ ಹಿಡಿದರೆ, ಇನ್ನೊಬ್ಬರು ಒಳಗೆ ನಿಂತು ಕೊಳವೆಯ ಬಾಯನ್ನು ಕೂದಲೆಳೆಯಷ್ಟು ತಿದ್ದುವುದು. ಕ್ಯಾಥೆಡ್ರಲ್ ಮತ್ತೆ ತೆರೆದ 2024ರ ಡಿಸೆಂಬರ್ 7ರಂದು ಆರ್ಚ್‌ಬಿಷಪ್ ಆರ್ಗನ್ನನ್ನು ಎಂಟು ಬಾರಿ ಕರೆದಾಗ ಎಂಟು ಬಾರಿಯೂ ಓಗೊಟ್ಟದ್ದು ಆ ಕಟ್ಟಡಕ್ಕೆ ಒಗ್ಗಿದ ಹಳೆಯ ನಾದವೇ.

ವಿರೋಧ

"ಇದ್ದಂತೆಯೇ" ಎಂದರೆ ಯಾವಾಗ ಇದ್ದಂತೆ? ಬಿದ್ದ ಶಿಖರ ಮಧ್ಯಯುಗದ್ದಲ್ಲ. ಹಳೆಯದನ್ನು 18ನೇ ಶತಮಾನದ ಕೊನೆಯಲ್ಲಿ ಇಳಿಸಿದ ಮೇಲೆ, ವಾಸ್ತುಶಿಲ್ಪಿ ವಯೊಲೆ-ಲ-ದ್ಯುಕ್ ತನ್ನದೇ ಕಲ್ಪನೆಯಂತೆ 1859ರಲ್ಲಿ ನಿಲ್ಲಿಸಿದ್ದು. ಅವನಿಗಿದ್ದ ಸ್ವಾತಂತ್ರ್ಯವನ್ನು ನಮ್ಮ ಕಾಲದವರಿಗೆ ನಿರಾಕರಿಸಿ, ಅವನ ಕಲ್ಪನೆಯನ್ನೇ ಪ್ರಮಾಣವೆಂದು ಹಿಡಿಯುವುದು ವಿಚಿತ್ರ.

ಆರ್ಗನ್ ಕೂಡ ಸಾಕ್ಷಿ ಹೇಳುವುದು ಈ ಕಡೆಗೇ. 18ನೇ ಶತಮಾನದ ಕೊಳವೆಗಳನ್ನು ಉಳಿಸಿಕೊಂಡೇ ಆರ್ಗನ್ ತಯಾರಕ ಕಾವಾಯೆ-ಕೊಲ್ 1868ರಲ್ಲಿ ಅದನ್ನು ಹೊಸದಾಗಿ ಕಟ್ಟಿದ. 20ನೇ ಶತಮಾನದಲ್ಲಿ ಅದಕ್ಕೆ ವಿದ್ಯುತ್ತು ಬಂತು, 1992ರಲ್ಲಿ ಕಂಪ್ಯೂಟರ್ ಕೂಡ ಬಂತು. ಪ್ರತಿ ತಲೆಮಾರು ಕೈಯಾಡಿಸಿದ್ದರಿಂದಲೇ ಅದು ನುಡಿಸುವ ವಾದ್ಯವಾಗಿ ಉಳಿದಿದೆ, ಪ್ರದರ್ಶನದ ವಸ್ತುವಾಗಲಿಲ್ಲ.

ಫ್ರಾನ್ಸಿನಲ್ಲಿಯೇ ಬೇರೆ ದಾರಿ ಹಿಡಿದವರಿದ್ದಾರೆ. 1836ರಲ್ಲಿ ಛಾವಣಿ ಸುಟ್ಟ ಶಾರ್ತ್ರ್ ಕ್ಯಾಥೆಡ್ರಲ್‌ಗೆ ಎರಕದ ಕಬ್ಬಿಣದ ಚೌಕಟ್ಟು ಬಂತು; ಮೊದಲ ಮಹಾಯುದ್ಧದಲ್ಲಿ ಸುಟ್ಟ ರೆಂಸ್ ಕ್ಯಾಥೆಡ್ರಲ್‌ಗೆ ವಾಸ್ತುಶಿಲ್ಪಿ ಆಂರಿ ದೆನೊ ಕಾಂಕ್ರೀಟಿನ ಛಾವಣಿ ಕಟ್ಟಿದ. ಅದರಿಂದ ಯಾರ ಭಕ್ತಿಗೂ ಕುಂದು ಬರಲಿಲ್ಲ. ನಾಂತ್ ಕ್ಯಾಥೆಡ್ರಲ್‌ಗೆ 1972ರ ಬೆಂಕಿಯ ನಂತರ ಕಾಂಕ್ರೀಟಿನ ಛಾವಣಿ ಹಾಕಿದ್ದರು. 2020ರಲ್ಲಿ ಮತ್ತೆ ಬೆಂಕಿ ಬಿದ್ದಾಗ ದೊಡ್ಡ ಆರ್ಗನ್ ಸುಟ್ಟುಹೋದರೂ ಛಾವಣಿ ಉಳಿಯಿತು. ಪ್ಯಾರಿಸ್‌ನಲ್ಲಾದರೋ ಮತ್ತದೇ ಮರ, ಮತ್ತದೇ ಸೀಸ. ಹಿಂದಿನ ಸೀಸವೇ ಧೂಳಾಗಿ ಸುತ್ತಲಿನ ಶಾಲೆಗಳವರೆಗೆ ಹರಡಿ, ಮಕ್ಕಳ ರಕ್ತಪರೀಕ್ಷೆ ಮಾಡಬೇಕಾಗಿ ಬಂದಿತ್ತು.

ಇಷ್ಟಾಗಿಯೂ ತೀರ್ಮಾನಿಸಿದವರು ತಮ್ಮ ನಿಯಮಕ್ಕೆ ತಾವೇ ಕಟ್ಟುಬಿದ್ದಿಲ್ಲ. ದಕ್ಷಿಣ ಬದಿಯ ಪುಟ್ಟ ಪ್ರಾರ್ಥನಾ ಕೋಣೆಗಳಾದ ಆರು ಚಾಪೆಲ್‌ಗಳಲ್ಲಿ ವಯೊಲೆ-ಲ-ದ್ಯುಕ್ ಕಾಲದ ಕಿಟಕಿಗಳು ಬೆಂಕಿಗೆ ಸಿಗದೆ ಉಳಿದಿದ್ದವು. ಅವನ್ನು ತೆಗೆಸಿ ಕ್ಲೇರ್ ತಬುರೆ ಎಂಬ ಸಮಕಾಲೀನ ಕಲಾವಿದೆಯ ಬಣ್ಣದ ಗಾಜು ಕೂರಿಸಲು, ಪರಂಪರಾ ಆಯೋಗ 2024ರಲ್ಲಿ ಒಮ್ಮತದಿಂದ ವಿರೋಧಿಸಿದರೂ, ಸರ್ಕಾರ ಮುಂದಾಯಿತು. ಸುಟ್ಟದ್ದನ್ನು ಅಚ್ಚಿಳಿಸಿ, ಉಳಿದದ್ದನ್ನು ಬದಲಿಸುವವರು ಶಿಖರದ ವಿಷಯದಲ್ಲಿ ಮಾತ್ರ ಸ್ಪರ್ಧೆಯನ್ನೇಕೆ ಕೈಬಿಟ್ಟರೆಂದು ಕೇಳಲೇಬೇಕಾಗುತ್ತದೆ.